ಸೀರೆ ಗಾರ್ಡ್ ಬಿಚ್ಚಲು ಬಿಡಬೇಡಿ

ಅಕ್ಕಂದಿರೇ, ಕೊಟ್ಟಿಗೆಯಲ್ಲಿ ಹಸು ಜಾರಿ ಬಿದ್ದೀತೆಂದು ರಬ್ಬರ್ ಮ್ಯಾಟ್ ಹಾಕಿಸುತ್ತೀರಿ. ನೀವು ಡೇರಿಗೆ ಹೋಗುವ ಬೈಕಿನ ಹಿಂದಿನ ಚಕ್ರವನ್ನು ಒಮ್ಮೆ ನೋಡಿದ್ದೀರಾ?

ಚಿಕಿತ್ಸೆಗೆಂದು ಊರೂರು ಸುತ್ತುವಾಗ ನನಗೆ ಕಾಣುವುದು ಇದು: ಮುಂದೆ ಹೊಸ ಕ್ರ್ಯಾಶ್ ಗಾರ್ಡ್ ಇರುತ್ತದೆ, ಹಿಂದೆ ಸೀರೆ ಗಾರ್ಡ್ ಇರುವುದಿಲ್ಲ. ಚೆನ್ನಾಗಿ ಕಾಣುವುದಿಲ್ಲವೆಂದು ಮಗ ಬಿಚ್ಚಿಟ್ಟಿರುತ್ತಾನೆ. ಮುಂದಿನ ಗಾರ್ಡ್ ಬೈಕ್ ಬಿದ್ದಾಗ ಇಂಜಿನ್ನನ್ನೂ ಓಡಿಸುವವನ ಕಾಲನ್ನೂ ಕಾಯುತ್ತದೆ. ಅದೂ ಬೇಕು. ಆದರೆ ಒಂದೇ ಕಡೆ ಕಾಲು ಇಳಿಬಿಟ್ಟು, ತೊಡೆಯ ಮೇಲೆ ಹಾಲಿನ ಕ್ಯಾನ್ ಇಟ್ಟುಕೊಂಡು ಕೂರುವವರು ನೀವು. ಸೆರಗು ಚಕ್ರಕ್ಕೆ ಸಿಕ್ಕರೆ ನಿಮ್ಮನ್ನೇ ಎಳೆದು ಕೆಡವುತ್ತದೆ.

ಇದು ಕಾನೂನಿನ ಮಾತೂ ಹೌದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಂತೆ ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಜಾಗ, ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಲೇಬೇಕು.

ಬಿಚ್ಚಿದ್ದರೆ ಈ ವಾರವೇ ಹಾಕಿಸಿ. ನಿಮ್ಮ ಬೈಕಿನ ಮಾಡೆಲ್‌ಗೆ ಹೊಂದುವ ಗಾರ್ಡನ್ನೇ ಕೊಂಡು ಬೋಲ್ಟ್ ಹಾಕಿ ಕೂರಿಸಲಿ, ತಂತಿ ಕಟ್ಟಿ ಸುಮ್ಮನಾಗಬೇಡಿ. ಇಬ್ಬರು ಕೂತು ಅದುಮಿದಾಗಲೂ ಅದು ಚಕ್ರಕ್ಕೆ ತಾಗಬಾರದು. ಗಾರ್ಡಿಗೆ ಕ್ಯಾನ್ ನೇತುಹಾಕಬೇಡಿ. 20 ಲೀಟರ್ ಹಾಲೇ 20 ಕೆ.ಜಿ. ದಾಟುತ್ತದೆ, ಆ ಭಾರಕ್ಕೆ ಗಾರ್ಡ್ ಬಾಗೀತು. ಗಾರ್ಡ್ ಇದ್ದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ.

ಮಗನಿಗೆ ಒಂದೇ ಮಾತು ಹೇಳಿ: “ಮೊದಲು ಗಾರ್ಡ್ ಹಾಕಿಸಪ್ಪ, ಆಮೇಲೆ ನಾನು ಹತ್ತುತ್ತೀನಿ.”