ಮೂರು ಚುಕ್ಕಿ ಒತ್ತು, ‘ಡೆಸ್ಕ್‌ಟಾಪ್ ಸೈಟ್’ ಹಾಕ್ಕೋ

ಕ್ಲಾಸ್ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದ್ರೂ “ಫಾರ್ಮ್ ಸರಿಯಾಗಿ ಓಪನ್ ಆಗ್ತಿಲ್ಲ” ಅಂತ ಹಾಕಿದ್ರೆ ಬರೋ ಉತ್ತರ ಇದೇ: ಮೂರು ಚುಕ್ಕಿ ಒತ್ತು, ಡೆಸ್ಕ್‌ಟಾಪ್ ಸೈಟ್ ಹಾಕ್ಕೋ. ಎಷ್ಟೋ ಸಲ ಕೆಲಸ ಆಗಿಬಿಡತ್ತೆ, ಕಾಣದೇ ಇದ್ದ ಸಬ್‌ಮಿಟ್ ಬಟನ್ ಪ್ರತ್ಯಕ್ಷ ಆಗತ್ತೆ. ಆದರೆ ಎಂಜಿನಿಯರಿಂಗ್ ಓದ್ತಿರೋ ನಾವು ಅಲ್ಲಿಗೇ ನಿಲ್ಲಬಾರದು. ಈ ಟಿಕ್ ಮಾರ್ಕ್ ನಿಜವಾಗಿ ಏನು ಮಾಡತ್ತೆ? ಅದರ ಅಗತ್ಯ ಯಾಕೆ ಬರತ್ತೆ?

ಅದು ಮಾಡೋದು ಒಂದು ಸಣ್ಣ ಸುಳ್ಳು. ಬ್ರೌಸರ್ ಪ್ರತಿ ಸಲ ಸರ್ವರ್‌ಗೆ ‘ಯೂಸರ್ ಏಜೆಂಟ್’ ಅನ್ನೋ ಒಂದು ಸಾಲು ಕಳಿಸತ್ತೆ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಡೆಸ್ಕ್‌ಟಾಪ್ ಸೈಟ್ ಒತ್ತಿದಾಗ ಆ ಸಾಲಿನಿಂದ ‘ಆಂಡ್ರಾಯ್ಡ್’, ‘ಮೊಬೈಲ್’ ಅನ್ನೋ ಪದಗಳು ಹೋಗಿ, ಲಿನಕ್ಸ್ ಕಂಪ್ಯೂಟರಿನ ಹೆಸರು ಬರತ್ತೆ. ಜೊತೆಗೆ ಪೇಜನ್ನು ಸುಮಾರು 980 ಪಿಕ್ಸೆಲ್ ಅಗಲಕ್ಕೆ ಜೋಡಿಸಿ, ನಮ್ಮ ಸ್ಕ್ರೀನಿಗೆ ಹಿಡಿಸೋ ಹಾಗೆ ಕುಗ್ಗಿಸತ್ತೆ.

ಲೆಕ್ಕ ಹಾಕಿ ನೋಡಿ. ಬಹಳಷ್ಟು ಫೋನ್‌ಗಳ ಅಗಲ ಸಿಎಸ್‌ಎಸ್ ಲೆಕ್ಕದಲ್ಲಿ 360ರಿಂದ 412 ಪಿಕ್ಸೆಲ್. 980ನ್ನು 360ಕ್ಕೆ ಇಳಿಸಿದರೆ 16 ಪಿಕ್ಸೆಲ್ ಅಕ್ಷರ ಹೆಚ್ಚುಕಮ್ಮಿ 6 ಪಿಕ್ಸೆಲ್‌ನಷ್ಟು ಕಾಣತ್ತೆ. ಇಂಗ್ಲಿಷ್ ಅಕ್ಷರ ಹೇಗೋ ಊಹಿಸಬಹುದು. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು ಇದೆ, ಪಕ್ಕದಲ್ಲಿ ದೀರ್ಘ ಇದೆ. ಅಷ್ಟು ಸಣ್ಣದಾದರೆ ಮೊದಲು ಮಾಯವಾಗೋದು ಅವೇ. ಝೂಮ್ ಮಾಡಿದರೆ ಸಾಲು ಸ್ಕ್ರೀನಿಂದ ಹೊರಗೆ ಹೋಗತ್ತೆ. ಇನ್ನು ಮೌಸ್ ಇಟ್ಟರೆ ಮಾತ್ರ ಬಿಚ್ಚಿಕೊಳ್ಳೋ ಮೆನುಗಳು ಬೆರಳಿಗೆ ಬಗ್ಗೋದೇ ಇಲ್ಲ.

“ಲ್ಯಾಪ್‌ಟಾಪ್‌ನಲ್ಲಿ ನೋಡಿದ್ರೆ ಆಯ್ತಲ್ಲ” ಅನ್ನೋರು ಇದ್ದಾರೆ. ನಮ್ಮಲ್ಲೇ ಎಷ್ಟು ಜನಕ್ಕೆ ಮನೆಯಲ್ಲಿ ಇರೋ ಏಕೈಕ ಕಂಪ್ಯೂಟರ್ ಅಂದರೆ ಕೈಯಲ್ಲಿರೋ ಫೋನು! ಸ್ಕಾಲರ್‌ಶಿಪ್ ಅರ್ಜಿಗೆ ಕೊನೇ ದಿನ, ಲ್ಯಾಬ್ ಮುಚ್ಚಿದೆ, ಆಗ ಉಳಿಯೋ ದಾರಿ ಸೈಬರ್ ಸೆಂಟರ್. ಅಲ್ಲಿ ದುಡ್ಡು ಕೊಡೋದು ಒಂದು ಕಡೆ. ಯಾರದೋ ಕಂಪ್ಯೂಟರಿನಲ್ಲಿ ಆಧಾರ್ ನಂಬರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್, ಕೊನೆಗೆ ಒಟಿಪಿ ಕೂಡ ಹೇಳಬೇಕು. ಅಪ್ಪ ಅಮ್ಮಂದಿರ ಪಾಡಂತೂ ಇನ್ನೂ ಕಷ್ಟ. ಅವರಿಗೆ ಮೂರು ಚುಕ್ಕಿ ಎಲ್ಲಿದೆ ಅಂತ ಹೇಳೋರೂ ಇರಲ್ಲ.

ಡೆಸ್ಕ್‌ಟಾಪ್ ಸೈಟ್ ಆಯ್ಕೆ ಬೇಡ ಅಂತ ನಾವು ಹೇಳ್ತಿಲ್ಲ. ದೊಡ್ಡ ಟೇಬಲ್ ಒಂದೇ ನೋಟಕ್ಕೆ ಬೇಕಾದಾಗ, ಮೊಬೈಲ್ ಪೇಜ್ ಏನನ್ನೋ ಬಚ್ಚಿಟ್ಟಿದೆ ಅನ್ನಿಸಿದಾಗ ಅದು ಇರಲೇಬೇಕು. ಆದರೆ ಅದು ಸ್ಟೆಪ್ನಿ ಟೈರ್ ಇದ್ದ ಹಾಗೆ. ದಿನಾ ಅದರ ಮೇಲೇ ಓಡಬೇಕು ಅಂದರೆ ತಪ್ಪು ಗಾಡಿಯದು, ಓಡಿಸೋರದಲ್ಲ.

ಈಥನ್ ಮಾರ್ಕಾಟ್ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಬಗ್ಗೆ ಬರೆದದ್ದು 2010ರಲ್ಲಿ. ಒಂದೇ ಪೇಜು ಸ್ಕ್ರೀನಿಗೆ ತಕ್ಕ ಹಾಗೆ ತಾನೇ ಹೊಂದಿಕೊಳ್ಳಬೇಕು ಅನ್ನೋದು ಆಗಲೇ ಹೇಳಿ ಆಗಿದೆ. 2018ರ ಡಬ್ಲ್ಯೂಸಿಎಜಿ 2.1 ಮಾನದಂಡವೂ 320 ಪಿಕ್ಸೆಲ್ ಅಗಲದಲ್ಲಿ ಅಡ್ಡಡ್ಡ ಸ್ಕ್ರೋಲ್ ಮಾಡದೆ ಓದೋಕೆ ಆಗಬೇಕು ಅನ್ನತ್ತೆ. ವಿದ್ಯೆ ಹೊಸದೇನಲ್ಲ, ಬೇಕಿರೋದು ಮನಸ್ಸು.

ಹಾಗಾಗಿ ಮಿನಿ ಪ್ರಾಜೆಕ್ಟೇ ಇರಲಿ, ಫೆಸ್ಟ್ ಸೈಟೇ ಇರಲಿ, ನಾವು ಮಾಡೋ ಪೇಜಿಗೆ ಮೂರು ನಿಯಮ ಹಾಕ್ಕೊಳ್ಳೋಣ. ವ್ಯೂಪೋರ್ಟ್ ಮೆಟಾ ಟ್ಯಾಗ್ ಬಿಡಬಾರದು. ಡೆಸ್ಕ್‌ಟಾಪ್‌ನಲ್ಲಿ ಇರೋದೆಲ್ಲ ಮೊಬೈಲಿನಲ್ಲೂ ಸಿಗಬೇಕು. ಡೆಮೋ ಕೊಡೋ ಮುಂಚೆ ಗ್ರೂಪಿನಲ್ಲಿ ಯಾರ ಹತ್ರ ಅತಿ ಅಗ್ಗದ ಫೋನ್ ಇದೆಯೋ ಅದರಲ್ಲಿ ಫಾರ್ಮ್ ಪೂರ್ತಿ ತುಂಬಿ ಸಬ್‌ಮಿಟ್ ಮಾಡಿ ನೋಡಬೇಕು. ಇವತ್ತು ಮಿನಿ ಪ್ರಾಜೆಕ್ಟ್ ಮಾಡ್ತಿರೋ ನಮ್ಮಲ್ಲೇ ಕೆಲವರು ನಾಳೆ ಸ್ಕಾಲರ್‌ಶಿಪ್ ಪೋರ್ಟಲ್ ಕಟ್ಟೋರು. ಅಭ್ಯಾಸ ಈಗಲೇ ಶುರುವಾಗಲಿ.