ಬಯಲಿಲ್ಲದ ವಿಶ್ವವಿದ್ಯಾಲಯ ವ್ಯಾಯಾಮ ಕಲಿಸೀತೆ?

ಅಂಕಲಿಯ ಸೇತುವೆಯ ಮೇಲೆ ನಿಂತವರಿಗೆ ಕೃಷ್ಣೆಯ ಎರಡೂ ದಂಡೆಗೆ ಕಬ್ಬು ಕಾಣುತ್ತದೆ. ಈಚೆ ಅಂಕಲಿ, ಆಚೆ ಮಾಂಜರಿ. ಆ ಕಬ್ಬಿನಲ್ಲಿ ದುಡಿಯುವವರ ಮಕ್ಕಳು ಸಂಜೆಯಾದರೆ ಎಲ್ಲಿ ಆಡಬೇಕು? ರಸ್ತೆಯ ಬದಿಗೆ, ಗುಡಿಯ ಮುಂದೆ, ಕಟಾವಾದ ಹೊಲದ ಕೂಳೆಯ ನಡುವೆ. ಅವರ ಕಾಲಲ್ಲಿ ಕಸುವಿಲ್ಲವೆಂದು ಯಾರೂ ಹೇಳಲಾರರು. ಕೊರತೆ ಇರುವದು ಕಲಿಸುವವರದು. ಕಲಿಸುವವರನ್ನು ತಯಾರಿಸುವದು ಯಾರ ಕೆಲಸ? ವಿಶ್ವವಿದ್ಯಾಲಯದ ಕೆಲಸ. ಆದುದರಿಂದ ಈ ವಾರ ನಾವು ಮಾತಾಡುವದು ವ್ಯಾಯಾಮ ಶಿಕ್ಷಣದ ಪದವಿಯ ಬಗೆಗೆ, ಆ ಪದವಿ ಎಂಥ ನೆಲದ ಮೇಲೆ ನಿಂತಿರಬೇಕೆಂಬುದರ ಬಗೆಗೆ.

ಮ್ಯಾಟ್ರಿಕ್ ಮಟ್ಟ ಓದಿ ಕೆಲವು ವರುಷ ಮಾಸ್ತರಿಕೆ ಮಾಡಿದ ನಾವು ವಿಶ್ವವಿದ್ಯಾಲಯಕ್ಕೆ ಬುದ್ಧಿ ಹೇಳಹೊರಟೆವೆಂದು ದೊಡ್ಡವರು ನಗಬಹುದು. ನಗಲಿ. ರೊಟ್ಟಿ ಸೀದಿದೆ ಎಂದು ಹೇಳಲು ಉಣ್ಣುವವನಿಗೆ ಅಧಿಕಾರವುಂಟು. ವಿಶ್ವವಿದ್ಯಾಲಯ ಬೇಯಿಸಿ ಕಳಿಸಿದ್ದನ್ನು ಉಣ್ಣುವವರು ನಮ್ಮ ಸಾಲೆಯ ಮಕ್ಕಳು.

ನಾವು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇವೆ. ನಾವು ಕಲಿಸುತ್ತಿದ್ದ ಸಾಲೆಗೆ ಪದವಿ ಮುಗಿಸಿದ ಒಬ್ಬ ಹೊಸ ವ್ಯಾಯಾಮ ಮಾಸ್ತರರು ಬಂದರು. ಒಳ್ಳೆಯ ಹುಡುಗ, ಒಳ್ಳೆಯ ಅಂಕಗಳು. ಕರಿಹಲಗೆಯ ಮೇಲೆ ಓಟದ ಪಥವನ್ನು ಚಿತ್ರದಂತೆ ಬರೆಯುತ್ತಿದ್ದರು. ಕ್ರೀಡಾಕೂಟದ ದಿನ ಬಯಲಿನಲ್ಲಿ 200 ಮೀಟರ ಸುತ್ತಿನ ಪಥ ಹಾಕಿ, ನಾಲ್ವರು ಹುಡುಗರನ್ನು ನಾಲ್ಕು ಪಥದಲ್ಲಿ ಒಂದೇ ಗೆರೆಗೆ ನಿಲ್ಲಿಸಿ ಸೀಟಿ ಊದಿದರು. ಹೊರಗಿನ ಪಥದಲ್ಲಿದ್ದವನು ಕಬ್ಬು ಕಡಿಯುವವರ ಮಗ. ಸಾಲೆಯಲ್ಲಿ ಅವನನ್ನು ಮೀರಿಸಿ ಓಡುವವರಿರಲಿಲ್ಲ. ಅಂದು ಅವನು ಕೊನೆಗೆ ಬಂದ. ಬಂದವನೇ, "ಸರ, ನಾ ಎಲ್ಲಾರಕಿಂತ ಹೆಚ್ಚ ಓಡೇನ್ರಿ" ಎಂದು ಅತ್ತ. ಯಾರೂ ಕೇಳಲಿಲ್ಲ.

ಹುಡುಗ ಹೇಳಿದ್ದು ನಿಜವಾಗಿತ್ತು. ಪಥದ ಅಗಲ 1.22 ಮೀಟರ ಇದ್ದರೆ, ಪೂರ್ತಿ ಒಂದು ಸುತ್ತಿನ ಓಟದಲ್ಲಿ ಎರಡನೆಯ ಪಥದವನು ಮೊದಲನೆಯವನಿಗಿಂತ 7.04 ಮೀಟರ ಮುಂದೆ ನಿಲ್ಲಬೇಕು. ಅಲ್ಲಿಂದಾಚೆ ಒಂದೊಂದು ಪಥಕ್ಕೆ 7.67 ಮೀಟರ ಕೂಡುತ್ತ ಹೋಗಬೇಕು. ನಾಲ್ಕನೆಯ ಪಥದ ಆ ಹುಡುಗ ಉಳಿದವರ ಜೊತೆ ಒಂದೇ ಗೆರೆಯಿಂದ ಹೊರಟು, ಒಳಗಿನವನಿಗಿಂತ 22 ಮೀಟರಿಗೂ ಹೆಚ್ಚು ಓಡಿದ್ದ. ಮಾಸ್ತರರಿಗೆ ಈ ಲೆಕ್ಕ ಪುಸ್ತಕದಲ್ಲಿ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದಿದ್ದರು. ಆದರೆ ಅಳತೆಪಟ್ಟಿ ಹಿಡಿದು, ಗೂಟ ಹೊಡೆದು, ಸುಣ್ಣ ಹಾಕಿ ಒಂದು ಪಥವನ್ನೂ ಅವರು ತಮ್ಮ ಕೈಯಾರೆ ಎಳೆದಿರಲಿಲ್ಲ. "ನಾವು ಓದಿದಲ್ಲಿ ಅಷ್ಟು ಜಾಗ ಎಲ್ಲಿತ್ತು ಸರ?" ಎಂದರು. ಆ ಮಾಸ್ತರರನ್ನು ನಾವು ದೂರುವದಿಲ್ಲ. ಬಯಲಿಲ್ಲದೆ ಅವರಿಗೆ ಪದವಿ ಕೊಟ್ಟ ವ್ಯವಸ್ಥೆಯನ್ನು ದೂರುತ್ತೇವೆ.

ಪ್ರಯೋಗಶಾಲೆ ಇಲ್ಲದೆ ರಸಾಯನಶಾಸ್ತ್ರದ ಪದವಿ ಕೊಡುತ್ತೇವೆಂದು ಯಾವ ಕುಲಪತಿಗಳಾದರೂ ಹೇಳಿಯಾರೆ? ಹೆಣ ಕೊಯ್ಯದೆ ವೈದ್ಯನಾದೆನೆಂದರೆ ಯಾರಾದರೂ ಕೈನಾಡಿ ತೋರಿಸಿಯಾರೆ? ವ್ಯಾಯಾಮ ಶಿಕ್ಷಣಕ್ಕೆ ಮಾತ್ರ ಬಯಲು ಒಂದು ಅಲಂಕಾರವೆಂದು, ಹಣ ಉಳಿದರೆ ಆಗಲಿ ಎಂದು ಬಗೆಯುತ್ತಾರೆ. ನಮ್ಮ ವಾದ ಇಷ್ಟೇ: ಈ ವಿಷಯಕ್ಕೆ ಬಯಲೇ ಪಾಠದ ಕೋಣೆ, ಮರಳಿನ ಗುಂಡಿಯೇ ಕರಿಹಲಗೆ, ಕುಸ್ತಿಯ ಹಾಸೇ ಪಠ್ಯಪುಸ್ತಕ. ಇವು ಇಲ್ಲದಲ್ಲಿ ಪದವಿ ಕೊಡುವದೆಂದರೆ ಖೊಟ್ಟಿ ನಾಣ್ಯ ಹೊಡೆದಂತೆ.

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಒಂದು ವರುಷದ್ದಾಗಿದ್ದ ಬಿ.ಪಿ.ಎಡ್. ಪದವಿಯನ್ನು ಎರಡು ವರುಷದ್ದಾಗಿ, ನಾಲ್ಕು ಸೆಮಿಸ್ಟರಿನದಾಗಿ ಮಾಡಿದವು. ಒಳ್ಳೆಯದೇ ಆಯಿತು. ಆದರೆ ವರುಷ ಎರಡಾದಾಗ ಬಡವರ ಮಕ್ಕಳ ಶುಲ್ಕ, ಊಟದ ಖರ್ಚು, ಕೋಣೆಯ ಬಾಡಿಗೆ ಎಲ್ಲವೂ ಎರಡಾದವು. ಬಯಲು ಎರಡಾಯಿತೆ? ಕಲಿಸುವ ಕೈಗಳು ಎರಡಾದವೆ? ಕಾಲೇಜು ಕಾಲೇಜಿನ ಬಾಗಿಲಿಗೆ ಹೋಗಿ ಕೇಳಬೇಕಾದ ಪ್ರಶ್ನೆ ಇದು.

ವ್ಯಾಯಾಮ ಶಿಕ್ಷಕರನ್ನು ತಯಾರಿಸುವದು ಸರಕಾರದ ಹೊಣೆಯೆಂಬುದು ಹೊಸ ಮಾತಲ್ಲ. 1938ರಲ್ಲಿಯೇ ಮುಂಬಯಿ ಸರಕಾರ ಕಾಂದಿವಲಿಯಲ್ಲಿ ಇದಕ್ಕಾಗಿ ಒಂದು ತರಬೇತಿ ಸಂಸ್ಥೆ ತೆರೆಯಿತು. ಆಗ ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. 1957ರಲ್ಲಿ ಕೇಂದ್ರ ಸರಕಾರ ಗ್ವಾಲಿಯರಿನಲ್ಲಿ ಲಕ್ಷ್ಮೀಬಾಯಿ ಹೆಸರಿನ ಕಾಲೇಜು ಸ್ಥಾಪಿಸಿತು. ಅಂದಿನ ಬಡ ದೇಶಕ್ಕೆ ಕಂಡ ಹೊಣೆ ಇಂದಿನ ಸಿರಿವಂತ ದೇಶಕ್ಕೆ ಕಾಣದಾಯಿತೆ?

ನೆಲದ ಮಹಿಮೆ ತಿಳಿಯಬೇಕಾದರೆ ಕೃಷ್ಣೆಯ ದಂಡೆಗುಂಟ ಮೇಲಕ್ಕೆ ಹೋಗಬೇಕು. ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರು ಮಣ್ಣಿನ ಗರಡಿಯಲ್ಲಿ ಬೆಳೆದ ಪೈಲವಾನರು. 1948ರಲ್ಲಿ ಲಂಡನ್ನಿನ ಒಲಿಂಪಿಕ್ಸಿಗೆ ಹೋದಾಗ ಅಲ್ಲಿ ಮಣ್ಣಿರಲಿಲ್ಲ, ಹಾಸು ಇತ್ತು. ರೂಢಿಯಿಲ್ಲದ ಆ ಹಾಸಿನ ಮೇಲೆ ಅವರು ಆರನೆಯವರಾದರು. ನಾಲ್ಕು ವರುಷದ ನಂತರ, 1952ರಲ್ಲಿ, ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಪದಕ ತಂದ ಮೊದಲಿಗರು ಅವರೇ. ಅವರನ್ನು ಕಳಿಸಲು ಹಣ ಸಾಲದೆ, ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲ ಖರ್ಡೇಕರರು ತಮ್ಮ ಮನೆಯನ್ನು 7000 ರೂಪಾಯಿಗೆ ಒತ್ತೆ ಇಟ್ಟರು. ಒಬ್ಬ ಗುರುವಿನ ದೊಡ್ಡತನವಿದು, ಕೈಮುಗಿಯೋಣ. ಆದರೆ ಗುರು ಮನೆ ಒತ್ತೆ ಇಟ್ಟರೆ ಮಾತ್ರ ಶಿಷ್ಯ ಗೆಲ್ಲುವ ದೇಶದಲ್ಲಿ ಸರಕಾರವೆಂಬುದು ಇರುವದು ಏತಕ್ಕೆ?

ಹಾಸು ಇದ್ದಲ್ಲಿ, ಕಲಿಸುವವರಿದ್ದಲ್ಲಿ ಏನಾಗುತ್ತದೆ ಎಂಬುದಕ್ಕೂ ನಮ್ಮ ಜಿಲ್ಲೆಯಲ್ಲಿಯೇ ಸಾಕ್ಷಿಯುಂಟು. ರೈತರ ಮಗಳು ಮಲಪ್ರಭಾ ಜಾಧವ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಎಂಬ ಕುಸ್ತಿಯಲ್ಲಿ ಕಂಚು ತಂದಳು. ಆಕೆ ಬೆಳೆದದ್ದು ಜೂಡೋ ಹಾಸಿನ ಮೇಲೆ, ಬಲ್ಲವರ ಕೈಕೆಳಗೆ. ಅಂಥ ಒಂದು ಹಾಸು, ಕಲಿತ ಒಬ್ಬ ಶಿಕ್ಷಕಿ ರಾಯಬಾಗಕ್ಕೆ, ಅಥಣಿಗೆ, ಅಂಕಲಿಗೆ ಬರಬಾರದೆ? ನಮ್ಮ ಕಡೆ ಹುಡುಗಿಗೆ ಹನ್ನೆರಡು ತುಂಬಿತೆಂದರೆ ಆಟ ನಿಂತಿತು. ಹೆಣ್ಣು ಶಿಕ್ಷಕಿ ಇಲ್ಲದ ಬಯಲಿಗೆ ತಂದೆತಾಯಿ ಮಗಳನ್ನು ಕಳಿಸುವದಿಲ್ಲ. ಹೆಣ್ಣು ಶಿಕ್ಷಕಿ ತಯಾರಾಗಬೇಕಾದರೆ ಕಾಲೇಜಿನ ಬಯಲಿನ ಹತ್ತಿರ ಬಟ್ಟೆ ಬದಲಿಸುವ ಕೋಣೆ, ನೀರು, ಪಾಯಖಾನೆ, ಇರಲು ವಸತಿ ಬೇಕು. ಇವನ್ನು ಸವಲತ್ತು ಎನ್ನುವವರು ತಮ್ಮ ಮಗಳನ್ನು ಒಂದು ದಿನ ಅಂಥ ಕಡೆ ಕಳಿಸಿ ನೋಡಲಿ.

ಇನ್ನು ಈಜು. 2005, 2019, 2021, ಈ ಮೂರೂ ವರುಷ ಕೃಷ್ಣೆ ನಮ್ಮ ತಾಲೂಕುಗಳ ಊರೊಳಗೆ ಬಂದು ಹೋದಳು. ನದಿ ದಂಡೆಯ ಮಕ್ಕಳಿಗೆ ಈಜು ಜೀವದ ಪ್ರಶ್ನೆ. ಈಜುಕೊಳದ ಮುಖ ನೋಡದೆ ಪದವಿ ಪಡೆದ ಮಾಸ್ತರರು ಈ ಮಕ್ಕಳಿಗೆ ಏನು ಕಲಿಸಬೇಕು? ನೀರಿಗೆ ಬಿದ್ದವನನ್ನು ಮೇಲಕ್ಕೆ ತರುವದನ್ನು ಕರಿಹಲಗೆಯ ಮೇಲೆ ಬರೆಯಲಾಗುವದಿಲ್ಲ.

ಹಣವೆಲ್ಲಿದೆ ಎನ್ನುತ್ತಾರೆ. ನಾವು ಗಾಜಿನ ಕ್ರೀಡಾಂಗಣ ಕೇಳುತ್ತಿಲ್ಲ. ಎಂಟು ಪಥದ 400 ಮೀಟರ ಓಟದ ಸುತ್ತಿಗೆ ಬೇಕಾದದ್ದು ನಾಲ್ಕು ಎಕರೆಗೆ ತುಸು ಹೆಚ್ಚು ನೆಲ. ಅದರ ನಡುವೆಯೇ ಫುಟಬಾಲ್ ಬಯಲು ಕೂಡುತ್ತದೆ. ಹಾಕಿಗೆ ಒಂದೂಕಾಲು ಎಕರೆ ಸಾಕು. ಗಂಡಸರ ಕಬಡ್ಡಿಗೆ 13 ಮೀಟರ ಉದ್ದ, 10 ಮೀಟರ ಅಗಲ. ವಾಲಿಬಾಲಿಗೆ 18 ಮೀಟರ ಉದ್ದ, 9 ಮೀಟರ ಅಗಲ. ಇದರ ಮೇಲೆ ಒಂದು ಗರಡಿ, ಒಂದು ಮಲ್ಲಕಂಬ, ಒಂದು ಈಜುಕೊಳ, ಶರೀರಶಾಸ್ತ್ರದ ಒಂದು ಕೋಣೆ. ಹತ್ತು ಎಕರೆಯಲ್ಲಿ ಎಲ್ಲವೂ ಮುಗಿಯಿತು. ಒಂದು ಸ್ವಾಗತ ಕಮಾನಿಗೆ, ಒಂದು ಸಭಾಭವನಕ್ಕೆ ಹಣ ಹುಟ್ಟುವಲ್ಲಿ ಮರಳಿನ ಗುಂಡಿಗೆ ಮಾತ್ರ ಏಕೆ ಹುಟ್ಟುವದಿಲ್ಲ?

ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ ಭೂತರಾಮನಹಟ್ಟಿಯಲ್ಲಿ ಹುಟ್ಟಿತು. ಮುಂದೆ ಹಿರೇಬಾಗೇವಾಡಿಯ ಬಳಿ ಹೊಸ ಆವರಣಕ್ಕೆಂದು ನೂರಕ್ಕೂ ಮಿಕ್ಕಿದ ಎಕರೆ ಗೊತ್ತಾಯಿತು. ಕುದುರೆಯೇರಿ ಕತ್ತಿ ಹಿಡಿದ ಕಿತ್ತೂರಿನ ರಾಣಿಯ ಹೆಸರು ಹೊತ್ತ ವಿದ್ಯಾಲಯಕ್ಕೆ ದೇಹದ ಶಿಕ್ಷಣ ಕೊನೆಯ ಪಂಕ್ತಿಯ ವಿಷಯವಾಗಬಾರದು. ನೂರು ಎಕರೆಯಲ್ಲಿ ಹತ್ತು ಎಕರೆ, ರೂಪಾಯಿಗೆ ಹತ್ತು ಪೈಸೆ ಇದ್ದಂತೆ. ಅದು ಕಟ್ಟಡಗಳ ನಡುವೆ ಉಳಿದ ಮೂಲೆಯಾಗಬಾರದು. ನಕಾಶೆಯಲ್ಲಿ ಹೆಸರಿಟ್ಟ ನೆಲವಾಗಬೇಕು, ಬೇರೆ ಕೆಲಸಕ್ಕೆ ಮುಟ್ಟದ ನೆಲವಾಗಬೇಕು.

ತಯಾರಾದ ಶಿಕ್ಷಕರಿಗೆ ಕೆಲಸ ಕೊಡುವ ಮಾತೂ ಇದರ ಜೊತೆಗಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಪಟ್ಟಿಯಲ್ಲಿ ಪ್ರತಿಯೊಂದು ಸಾಲೆಗೂ ಆಟದ ಬಯಲು ಬೇಕೆಂದಿದೆ. ಆರರಿಂದ ಎಂಟನೆಯ ಇಯತ್ತೆಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕೆಂದಿದೆ. ಅರೆಕಾಲಿಕ! ಮಗುವಿಗೆ ದೇಹ ಅರ್ಧ ದಿನ ಮಾತ್ರ ಇರುವದೆ?

ಆದುದರಿಂದ ನಮ್ಮ ಬೇಡಿಕೆಗಳು ಇವು. ಒಂದು, ಬಯಲು, ಈಜುಕೊಳ, ಹಾಸು, ಉಪಕರಣಗಳನ್ನು ಕಣ್ಣಾರೆ ಪರೀಕ್ಷಿಸದೆ ಯಾವ ವ್ಯಾಯಾಮ ಕಾಲೇಜಿಗೂ ವಿಶ್ವವಿದ್ಯಾಲಯ ಮನ್ನಣೆ ಕೊಡಬಾರದು. ಪರೀಕ್ಷಿಸಿದ ವರದಿಯನ್ನು ಜನರೆದುರು ಇಡಬೇಕು. ಎರಡು, ಪಥ ಹಾಕುವದು, ಈಜು ಕಲಿಸುವದು, ಗಾಯಕ್ಕೆ ಪ್ರಥಮೋಪಚಾರ ಮಾಡುವದು, ಇವನ್ನು ಕೈಯಾರೆ ಮಾಡಿ ತೋರಿಸದವರಿಗೆ ಪದವಿ ಸಿಗಬಾರದು. ಮೂರು, ವಿಶ್ವವಿದ್ಯಾಲಯದ ಬಯಲು ರಜೆಯ ದಿನಗಳಲ್ಲಿ ಹಳ್ಳಿಯ ಮಕ್ಕಳಿಗೆ ತೆರೆದಿರಬೇಕು. ನಾಲ್ಕು, ಪ್ರತಿ ಸಾಲೆಗೆ ಪೂರ್ಣಕಾಲದ ವ್ಯಾಯಾಮ ಶಿಕ್ಷಕರು, ಹುಡುಗಿಯರಿರುವಲ್ಲಿ ಶಿಕ್ಷಕಿಯರು ಬರಬೇಕು.

ಅಂಕಲಿಯ, ಮಾಂಜರಿಯ, ಸುತ್ತಲಿನ ಊರುಗಳ ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ. ಮುಂದಿನ ಗ್ರಾಮಸಭೆಯಲ್ಲಿ ಗಟಾರ, ರಸ್ತೆಗಳ ಜೊತೆಗೆ ಈ ಮಾತನ್ನೂ ಎತ್ತಿರಿ. ಮತ ಕೇಳಲು ಬಂದವರನ್ನು ಕೂಡಿಸಿ, ಚಹಾ ಕೊಟ್ಟು, "ನಮ್ಮ ಮಕ್ಕಳ ಬಯಲು ಎಲ್ಲಿ?" ಎಂದು ಕೇಳಿರಿ. ಅಂದು ಅತ್ತ ಆ ಹುಡುಗ ಕೇಳಿದ್ದು ದಯೆಯನ್ನಲ್ಲ, ಬಹುಮಾನವನ್ನಲ್ಲ. ತನ್ನ ಗೆರೆಯನ್ನು ಸರಿಯಾದ ಜಾಗದಲ್ಲಿ ಹಾಕಿರೆಂದು ಕೇಳಿದ. ಹೊರಗಿನ ಪಥದಲ್ಲಿ ನಿಂತ ಮಕ್ಕಳು ಈ ನಾಡಿನಲ್ಲಿ ಬಹಳ ಜನರಿದ್ದಾರೆ. ಗೆರೆ ಹಾಕಬಲ್ಲ ಮಾಸ್ತರರು ಬರುವವರೆಗೆ ನಾವು ಈ ಮಾತನ್ನು ಬಿಡುವದಿಲ್ಲ.