ಎಕ್ಕದ ಗಿಡದ ಮಿಡತೆ ಮತ್ತು ಫ್ರಿಜ್ಜಿನ ಡಬ್ಬಿ

ಬಾಗಲಗುಂಟೆಯಲ್ಲಿ ಇನ್ನೂ ಮನೆ ಏಳದ ಕೆಲವು ನಿವೇಶನಗಳಿವೆ. ಕಾಂಗ್ರೆಸ್ ಹುಲ್ಲು, ಎಕ್ಕ, ಹರಳು ಬೆಳೆದ ಅಂಥದೊಂದು ಜಾಗದಲ್ಲಿ, ಫಜ್ರ್ ನಮಾಝ್ ಮುಗಿಸಿ ಬರುತ್ತಿದ್ದಾಗ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಂಡಿಯೂರಿ ಕುಳಿತಿರುವುದನ್ನು ಕಂಡೆ. ಪೀಣ್ಯದಲ್ಲಿ ದುಡಿಯುವ ಆತ ಮೊಬೈಲಿಗೆ ಪುಟ್ಟ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿ, ಎಕ್ಕದ ಎಲೆಯ ಮೇಲಿದ್ದ ಹಳದಿ-ನೀಲಿ ಮಿಡತೆಯ ಚಿತ್ರ ತೆಗೆಯುತ್ತಿದ್ದ. "ಉಸ್ತಾದ್, ಇದು ಹರಾಮೇ?" ಎಂದು ಕೇಳಿದ.

ಜೀವಿಗಳ ಚಿತ್ರದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನಾನು ಕಲಿತ ಮದ್ರಸದಲ್ಲಿ ಕಠಿಣ ನಿಲುವೇ ಇತ್ತು. ಆದರೆ ಕಳೆದ ಶತಮಾನದ ಆರಂಭದಲ್ಲಿ ಈಜಿಪ್ಟಿನ ಮುಫ್ತಿಯಾಗಿದ್ದ ಶೈಖ್ ಮುಹಮ್ಮದ್ ಬಖೀತ್ ಅಲ್ ಮುತೀಈ ಅವರು, ಛಾಯಾಚಿತ್ರವು ಸೃಷ್ಟಿಯ ಅನುಕರಣೆಯಲ್ಲ, ನೆರಳನ್ನು ಹಿಡಿದಿಡುವುದು ಮಾತ್ರ ಎಂದು ವಾದಿಸಿದರು. ನನ್ನ ಮನಸ್ಸು ಅತ್ತಲೇ ವಾಲುತ್ತದೆ. ಜೇನು, ಇರುವೆ, ಜೇಡಗಳ ಹೆಸರಿನಲ್ಲಿ ಅಧ್ಯಾಯಗಳಿರುವ, ಸೊಳ್ಳೆಯ ಉಪಮೆಗೂ ಎಡೆಯಿತ್ತಿರುವ ಗ್ರಂಥವನ್ನು ಓದುವವರು ಕೀಟದ ಮುಖವನ್ನು ಹತ್ತಿರದಿಂದ ನೋಡುವುದರಲ್ಲಿ ದೋಷ ಕಾಣಲಾರೆ. (ಸುಲೈಮಾನ್(ಅ)ರ ಸೈನ್ಯವನ್ನು ಕಂಡು ಎಚ್ಚರಿಸಿದ ಇರುವೆಗೆ ಕುರ್‌ಆನಿನಲ್ಲಿ ಸ್ತ್ರೀಲಿಂಗ ಕ್ರಿಯಾಪದವಿದೆ. ದುಡಿಯುವ ಇರುವೆಗಳೆಲ್ಲ ಹೆಣ್ಣೆಂಬ ವಿಜ್ಞಾನಕ್ಕೆ ಇದೇ ಸಾಕ್ಷಿಯೆಂದು ಭಾಷಣ ಮಾಡುವವರಿದ್ದಾರೆ. 'ನಮ್ಲಃ' ಎಂಬ ಪದವೇ ಸ್ತ್ರೀಲಿಂಗವಾದ್ದರಿಂದ ವ್ಯಾಕರಣ ಕಲಿಸುವ ನನಗೆ ಅಷ್ಟು ಧೈರ್ಯ ಸಾಲದು.)

ನನ್ನನ್ನು ಕಾಡಿದ್ದು ಅವನು ತೋರಿಸಿದ ಇನ್ನೊಂದು ಚಿತ್ರ. ಮೈತುಂಬ ಹನಿ ಹೊತ್ತ ಏರೋಪ್ಲೇನ್ ಚಿಟ್ಟೆ. ಕಣ್ಣಿನ ಒಂದೊಂದು ಬಿಂದುವೂ ಸ್ಪಷ್ಟ. ಹೊಗಳಿದೆ. ಆಗ ಹೇಳಿದ, "ರಾತ್ರಿ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟಿದ್ದೆ ಉಸ್ತಾದ್. ಬೆಳಿಗ್ಗೆ ನೀರು ಚಿಮುಕಿಸಿದೆ."

ಈ ರೂಢಿ ಅವನೊಬ್ಬನದಲ್ಲ. ಅಷ್ಟು ಹತ್ತಿರದಿಂದ ತೆಗೆದಾಗ ಸ್ಪಷ್ಟವಾಗಿ ಮೂಡುವ ಆಳ ಒಂದು ಮಿಲಿಮೀಟರಿಗೂ ಕಡಿಮೆಯಿರಬಹುದು. ಎಲೆ ಅಲುಗಿದರೆ ಚಿತ್ರ ಕೆಟ್ಟಿತು. ಹತ್ತಾರು ಚಿತ್ರಗಳನ್ನು ತೆಗೆದು ಒಂದಾಗಿ ಹೆಣೆಯುವವರಿಗಂತೂ ಕೀಟ ಕಲ್ಲಿನಂತಿರಬೇಕು. ಮೈಯ ಬಿಸಿಗೆ ಬಿಸಿಲನ್ನೇ ನಂಬಿದ ಜೀವಿ ಚಳಿಯಲ್ಲಿ ರೆಕ್ಕೆ ಎತ್ತಲಾರದು. ಅದಕ್ಕೇ ಫ್ರಿಜ್ಜು.

"ಆಮೇಲೆ ಅದೇನಾಯಿತು?" ಎಂದೆ. "ನೋಡಲಿಲ್ಲ" ಎಂದ. ತುಸು ತಡೆದು, "ಸೊಳ್ಳೆಗೆ ಬ್ಯಾಟ್ ಬೀಸುತ್ತೇವಲ್ಲ ಉಸ್ತಾದ್?" ಎಂದೂ ಕೇಳಿದ.

ಬೀಸುತ್ತೇವೆ, ಅದು ಕಚ್ಚುವುದರಿಂದ. ಮಿಡತೆಯನ್ನು ತಿನ್ನುವುದಕ್ಕೂ ನಮ್ಮಲ್ಲಿ ಅನುಮತಿಯಿದೆ. ಅಗತ್ಯ ಬೇರೆ, ಹೊಗಳಿಕೆಯ ಆಸೆ ಬೇರೆ. ಅಬೂದಾವೂದ್ ಸಂಗ್ರಹದಲ್ಲಿ ಒಂದು ಪ್ರಯಾಣದ ಪ್ರಸಂಗವಿದೆ. ಸಂಗಾತಿಗಳು ಹಕ್ಕಿಯೊಂದರ ಮರಿಗಳನ್ನು ಎತ್ತಿಕೊಂಡಾಗ ತಾಯಿಹಕ್ಕಿಯ ಚಡಪಡಿಕೆ ಕಂಡ ಪ್ರವಾದಿ(ಸ)ರು ಮರಿಗಳನ್ನು ಮರಳಿಸಲು ಹೇಳಿದರು. ಸುಟ್ಟ ಇರುವೆಗೂಡನ್ನು ಕಂಡು, ಬೆಂಕಿಯಿಂದ ಶಿಕ್ಷಿಸುವ ಹಕ್ಕು ಬೆಂಕಿಯ ಒಡೆಯನಿಗೆ ಮಾತ್ರ ಎಂದರು. ಮರಿಗಳನ್ನು ಎತ್ತಿದವರಲ್ಲಿ ಕ್ರೌರ್ಯವಿತ್ತೆಂದು ನನಗನಿಸುವುದಿಲ್ಲ; ಬಹುಶಃ ಚಂದ ಕಂಡಿತು, ಎತ್ತಿಕೊಂಡರು. ನಮ್ಮ ಹುಡುಗ ಮಾಡಿದ್ದೂ ಅದನ್ನೇ. ಜೊತೆಗೆ ಆ ಹನಿಗಳನ್ನು ಇಬ್ಬನಿಯೆಂದು ನಂಬಿಸಿದ್ದು ಸುಳ್ಳು. ಸುಬ್‌ಹಾನಲ್ಲಾಹ್ ಎಂದು ಕೆಳಗೆ ಬರೆದವರು ಮೆಚ್ಚಿದ್ದು ನಲ್ಲಿಯ ನೀರನ್ನು.

ಚಳಿಗಾಲದ ಮುಂಜಾನೆ ಕೀಟಗಳು ತಾವಾಗಿಯೇ ಮರಗಟ್ಟಿ ಕುಳಿತಿರುತ್ತವೆ, ನಿಜವಾದ ಇಬ್ಬನಿ ಹೊತ್ತು. ಎದ್ದು ಹೋಗಬೇಕಷ್ಟೆ. ಹೆಸರಘಟ್ಟದ ಹುಲ್ಲುಗಾವಲು ನಮಗೆ ದೂರವೇನಲ್ಲ. ಬರುವ ಭಾನುವಾರ ಫಜ್ರ್ ಮುಗಿದೊಡನೆ ಅವನ ಬೈಕಿನಲ್ಲಿ ಹೊರಡುವುದೆಂದು ಮಾತಾಗಿದೆ. ಡಬ್ಬಿ ತರಬಾರದೆಂದು ಹೇಳಿದ್ದೇನೆ.